ಇಳಿಸುವುದನ್ನು ಕಲಿಸಿದ ಉಸ್ತಾದರು

ಗಲ್ಲದ ಕೆಳಗಿನ ಚರ್ಮ ಯಾರಿಗಾದರೂ ಮುಖಕ್ಕಿಂತ ತುಸು ತಿಳಿಯಾಗಿರುತ್ತದೆ. ಬಿಸಿಲು ಅಲ್ಲಿಗೆ ಬೀಳುವುದಿಲ್ಲ. ಉಸ್ತಾದರದು ತಿರುಗುಮುರುಗು. ಮುಖ ಎಣ್ಣೆಗಪ್ಪಾದರೆ ಗಲ್ಲದಿಂದ ಗಂಟಲುಮಣಿಯವರೆಗೆ ಇನ್ನೂ ಕಪ್ಪು, ಅಲ್ಲಲ್ಲಿ ತವೆಯ ಮೇಲೆ ಹತ್ತಿದ ರೊಟ್ಟಿಯ ಹಾಗೆ ಒರಟು. ಇಪ್ಪತ್ತೆರಡು ವರ್ಷ ಬಯಲಿನಲ್ಲಿ ತಲೆಯೆತ್ತಿ ಆಕಾಶ ನೋಡುತ್ತ ನಿಂತವರ ಕತ್ತು ಅದು. ನಾನು ಮೊದಲ ದಿನ ಅದನ್ನೇ ನೋಡುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಏನ್ಲಾ, ಕತ್ತು ನೋಡ್ತೀಯಾ? ಇದೇ ನನ್ನ ಸರ್ಟಿಫಿಕೇಟು," ಅಂದರು.

ನಂಗಲಿಯ ಜನ ಅವರನ್ನು ಸುಬೇದಾರ್ರು ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಸುಬೇದಾರಮ್ಮ. ನಾನು ಮಾತ್ರ ಉಸ್ತಾದ್ ಅನ್ನುತ್ತಿದ್ದೆ. ಸೈನ್ಯದಲ್ಲಿ ಕಲಿಸುವವರನ್ನು ಕರೆಯುವುದು ಹಾಗೆ.

ನಾನು ಮಾಸ್ತಿ ಕಡೆಯವನು. ಪಿಯುಸಿ ಮುಗಿಸಿ ಸೈನ್ಯದ ಫಿರಂಗಿ ದಳ ಸೇರಿದ್ದೆ. ಕಾರ್ಗಿಲ್ ಯುದ್ಧ ಮುಗಿದ ಮೇಲೆ ನಮ್ಮ ದಳದಲ್ಲಿ ಪೈಲಟ್ ಇಲ್ಲದ ವಿಮಾನಗಳ ಮಾತು ಜೋರಾಯಿತು. ಡ್ರೋನ್ ಎನ್ನುವ ಪದ ಆಗ ಇಷ್ಟು ಬಳಕೆಯಲ್ಲಿರಲಿಲ್ಲ. ಗುಡ್ಡದ ಆಚೆ ಹೋಗಿ ಏನಿದೆ ಎಂದು ನೋಡಿ, ಚಿತ್ರ ಕಳಿಸಿ, ವಾಪಸು ಬರುವ ವಿಮಾನ ಅದು. ಆಟಿಕೆಯಲ್ಲ, ರೆಕ್ಕೆ ಜೋಡಿಸಿದರೆ ನಮ್ಮ ಮಾಸ್ತಿ ಮನೆಯಷ್ಟು ಅಗಲ. ಆಕಾಶದಲ್ಲಿರುವಾಗ ಅದನ್ನು ನಡೆಸುವವರು ಕ್ಯಾಬಿನ್ನಿನೊಳಗೆ ಪರದೆಯ ಮುಂದೆ ಕೂರುತ್ತಾರೆ. ಆದರೆ ಏರಿಸುವುದು, ಇಳಿಸುವುದು ಹೊರಗಿನ ಪೈಲಟ್ಟಿನ ಕೆಲಸ. ಅವನು ರನ್‌ವೇ ಪಕ್ಕದಲ್ಲಿ ಕೊರಳಿಗೆ ರೇಡಿಯೋ ಪೆಟ್ಟಿಗೆ ತಗುಲಿಹಾಕಿಕೊಂಡು, ಬರಿಗಣ್ಣಿನಿಂದ ವಿಮಾನ ನೋಡುತ್ತ, ಪೆಟ್ಟಿಗೆಯ ಎರಡು ಕಡ್ಡಿಗಳನ್ನು ಹೆಬ್ಬೆರಳಲ್ಲಿ ಆಡಿಸುತ್ತ ಅದನ್ನು ನೆಲಕ್ಕೆ ತರಬೇಕು. ಆ ಕೆಲಸದ ಕೋರ್ಸಿಗೆ ನಾನು ಆಯ್ಕೆಯಾದೆ. ನಮ್ಮಮ್ಮ ಊರೆಲ್ಲ ಹೇಳಿಕೊಂಡು ಬಂದಳು, "ನಮ್ಮ ಹುಡುಗ ವಿಮಾನ ಓಡಿಸ್ತಾನೆ."

ಆರನೇ ವಾರ ನಾನು ತರಬೇತಿ ವಿಮಾನವನ್ನು ನೆಲಕ್ಕೆ ಹೊಡೆದೆ.

ಆದದ್ದು ಇಷ್ಟೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ನಮ್ಮ ಕಡೆ ತಿರುಗಿ ಬರುವಾಗ ಅದರ ಎಡ ನಮ್ಮ ಬಲ. ಕಾಗದದ ಮೇಲೆ ಬರೆದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಗಾಳಿಗೆ ಓಲಾಡುತ್ತ ಎದುರಿಗೆ ಬರುತ್ತಿರುವಾಗ ಯೋಚಿಸುವುದಕ್ಕೆ ಒಂದು ಉಸಿರಿನಷ್ಟೂ ಹೊತ್ತಿರುವುದಿಲ್ಲ. ಒಂದು ರೆಕ್ಕೆ ಇಳಿಯಿತು, ಅದನ್ನು ಎತ್ತಲು ಹೋಗಿ ಇನ್ನಷ್ಟು ಇಳಿಸಿದೆ. ಮಣ್ಣು ಎದ್ದಿತು, ಅಷ್ಟೇ. ಅಧಿಕಾರಿಗಳು ಬೈಯಲಿಲ್ಲ. ಮುಂದಿನ ಬ್ಯಾಚಿನಲ್ಲಿ ಇನ್ನೊಂದು ಅವಕಾಶ ಕೊಡುತ್ತೇವೆ, ಅದೂ ಹೋದರೆ ಮತ್ತೆ ಫಿರಂಗಿಗೇ ವಾಪಸು ಎಂದು ಹೇಳಿ ಎರಡು ತಿಂಗಳ ರಜೆ ಕೊಟ್ಟರು.

ಮನೆಯಲ್ಲಿ ನಾನು ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಕಳೆದು, ಅಕ್ಕನನ್ನು ನೋಡಿಬರುತ್ತೇನೆಂದು ನಂಗಲಿಗೆ ಹೋದೆ. ಭಾವನದು ಅಲ್ಲಿ ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಅವನಿಗೆ ಹೇಳಿಬಿಟ್ಟೆ. ಭಾವ ಲಾರಿ ಟೈರಿನೊಳಗಿಂದ ಟ್ಯೂಬು ಎಳೆಯುತ್ತಲೇ ಕೇಳಿ, "ಅಯ್ಯೋ, ಅದಕ್ಯಾಕೆ ಹಿಂಗೆ ಕೂತಿದ್ದೀಯೋ? ನಮ್ಮೂರಲ್ಲಿ ಒಬ್ಬರು ರಿಟೈರ್ಡ್ ಸುಬೇದಾರ್ರು ಇದಾರೆ. ದಿನಾ ಬೆಳಿಗ್ಗೆ ಕೆರೆ ಅಂಗಳದಲ್ಲಿ ವಿಮಾನ ಬಿಡ್ತಾರೆ. ಕುರಿಯೋರೆಲ್ಲ ಬೈಕೊಳ್ತಾರೆ, ಕುರಿ ಬೆದರ್ತವೆ ಅಂತ," ಅಂದ.

ಮರುದಿನ ಹೋದೆ. ನೀರು ಬತ್ತಿದ ಕೆರೆಯಲ್ಲಿ, ಒಂದು ಆಳುದ್ದದ ಮಾದರಿ ವಿಮಾನ ಕಿರ್ರೆಂದು ಸುತ್ತು ಹೊಡೆಯುತ್ತಿತ್ತು. ಗಾಳಿಯ ತುಂಬ ಹರಳೆಣ್ಣೆ ಕಾಯಿಸಿದ ವಾಸನೆ. ಆ ಪುಟ್ಟ ಇಂಜಿನ್ನು ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದರೆ ಓಡುತ್ತಿತ್ತು. ಅವರ ಅಂಗಿಗೂ, ಮೀಸೆಗೂ ಅದೇ ವಾಸನೆ ಎಂದು ಆಮೇಲೆ ಗೊತ್ತಾಯಿತು.

ನನ್ನ ಕಥೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು. "ಯಾವ ರೆಕ್ಕೆ ಇಳೀತು?"

ನನಗೆ ನೆನಪಿರಲಿಲ್ಲ.

"ಅದಕ್ಕೇ ಬಿತ್ತು," ಅಂದರು.

ಅವರು ಇದ್ದದ್ದು ವಿಮಾನಗಳನ್ನು ಹೊಡೆದುರುಳಿಸುವ ಫಿರಂಗಿಗಳ ಪಲ್ಟನ್ನಿನಲ್ಲಿ. ಗುಂಡು ಹೊಡೆಯುವವರ ಅಭ್ಯಾಸಕ್ಕೆ ಗುರಿ ಬೇಕಲ್ಲ, ಆ ಗುರಿಯನ್ನು ಹಾರಿಸುತ್ತಿದ್ದವರು ಇವರು. ರೇಡಿಯೋ ಪೆಟ್ಟಿಗೆ ಹಿಡಿದು ಪುಟ್ಟ ವಿಮಾನವನ್ನು ಫಿರಂಗಿಗಳ ಮುಂದೆ ತಂದುಕೊಡುವುದು, ಅವರು ಅದನ್ನು ಉರುಳಿಸುವುದು. ಚೂರಾಗಿ ಬಿದ್ದರೆ ಇಡೀ ಮೈದಾನ ಚಪ್ಪಾಳೆ ಹೊಡೆಯುತ್ತಿತ್ತಂತೆ. "ನಾನೊಬ್ಬನೇ ಸುಮ್ನೆ ನಿಂತಿರ್ತಿದ್ದೆ. ಚಪ್ಪಾಳೆ ಹೊಡೆಯೋಣ ಅಂದ್ರೆ ಕೈಯಲ್ಲಿ ಪೆಟ್ಟಿಗೆ," ಎಂದು ನಗುತ್ತಿದ್ದರು. ಅವರನ್ನು ಯಾರೂ ಪೈಲಟ್ ಅನ್ನಲಿಲ್ಲ. ನಿಜವಾದ ದೊಡ್ಡ ವಿಮಾನಗಳು ಬಂದು ಕೋರ್ಸುಗಳು ಶುರುವಾಗುವ ಹೊತ್ತಿಗೆ ಅವರ ವಯಸ್ಸು ದಾಟಿತ್ತು. ಅರ್ಜಿ ಹಾಕಿದ್ದರು. ಕನ್ನಡಕ ಬಂದಿದೆ ಎಂದು ವಾಪಸು ಕಳಿಸಿದರಂತೆ.

ಮೊದಲ ವಾರ ಅವರು ನನಗೆ ಪೆಟ್ಟಿಗೆಯನ್ನು ಮುಟ್ಟಲೂ ಬಿಡಲಿಲ್ಲ. ಹೆದ್ದಾರಿಯಲ್ಲಿ, ಟೀ ಅಂಗಡಿಯ ಎದುರು ನಿಲ್ಲಿಸಿದರು. ಆಂಧ್ರದ ಕಡೆಯಿಂದ ಬರುವ ಲಾರಿಗಳು ಅಲ್ಲಿ ಕೆಲವು ಈ ಪಕ್ಕದ ಬಯಲಿಗೆ, ಕೆಲವು ಆ ಪಕ್ಕದ ಡಾಬಾಕ್ಕೆ ತಿರುಗುತ್ತಿದ್ದವು. ನನ್ನ ಎದುರಿಗೆ ಬರುವ ಪ್ರತಿ ಲಾರಿಯ ಡ್ರೈವರು ಸ್ಟೇರಿಂಗನ್ನು ಯಾವ ಕಡೆ ತಿರುಗಿಸಿದ ಎಂದು ನಾನು ಕೂಗಬೇಕು. ನನ್ನ ಎಡ ಬಲ ಅಲ್ಲ, ಅವನ ಎಡ ಬಲ.

"ಎಡ!"

"ಲೇ, ಅವನಿಗೆ ಬಲ ಕಣೋ. ನಿನ್ನ ಮೂತಿ ಮರ್ತುಬಿಡು. ಅವನ ಸೀಟಲ್ಲಿ ಕೂತ್ಕೋ."

ದಿನಕ್ಕೆ ಎರಡು ಗಂಟೆ. ಭಾವ ಅಂಗಡಿಯಿಂದ ಕೂಗುತ್ತಿದ್ದ, "ಏನಪ್ಪಾ ಪೈಲಟ್ಟು, ಲಾರಿಗೆ ಸಿಗ್ನಲ್ ಕೊಡ್ತಿದ್ದೀಯಾ?" ಟೀ ಅಂಗಡಿಯವನಿಗೂ ಅದೊಂದು ಆಟವಾಯಿತು, ನಾನು ತಪ್ಪು ಹೇಳಿದರೆ ಅವನೇ ತಿದ್ದುತ್ತಿದ್ದ. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಏಳನೇ ದಿನ ಯೋಚಿಸದೆಯೇ ಬಾಯಿಂದ ಸರಿಯಾದ ಉತ್ತರ ಬರತೊಡಗಿತು. ಉಸ್ತಾದರು ನಶ್ಯ ಏರಿಸಿಕೊಂಡು, "ನಾಳೆ ಕೆರೆಗೆ ಬಾ," ಅಂದರು.

ಕೆರೆಯಲ್ಲಿ ಅವರು ಕೊಟ್ಟ ಪಾಠವೂ ಒಂದೇ ವಾಕ್ಯ. "ನಿನ್ನ ಕಡೆಗೆ ಬರುವಾಗ ಯಾವ ರೆಕ್ಕೆ ಇಳಿದು ಕಾಣುತ್ತೋ ಆ ಕಡೆಗೇ ಕಡ್ಡಿ ತಳ್ಳು. ಬೀಳ್ತಿರೋನ ಕಂಕುಳಿಗೆ ಕೈ ಕೊಡ್ತೀವಲ್ಲ, ಹಂಗೆ." ಕೋರ್ಸಿನಲ್ಲಿ ಪುಟಗಟ್ಟಲೆ ಬರೆದುಕೊಂಡಿದ್ದ ಎಡ ಬಲಗಳ ಲೆಕ್ಕವನ್ನು ಅವರು ಹೀಗೆ ಒಂದು ಕಂಕುಳಿಗೆ ಇಳಿಸಿದ್ದರು. ನಮ್ಮಿಬ್ಬರ ಪೆಟ್ಟಿಗೆಗಳ ನಡುವೆ ಒಂದು ತಂತಿ ಇರುತ್ತಿತ್ತು. ಅವರು ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ನನ್ನದು, ಬಿಟ್ಟರೆ ಅವರದು. ನಾನು ತಪ್ಪಿದಾಗ ಅವರು ಗುಂಡಿ ಬಿಡುತ್ತಿದ್ದರು. ವಿಮಾನ ನಡುಗುವುದನ್ನು ನಿಲ್ಲಿಸಿ ನೆಟ್ಟಗಾಗುತ್ತಿತ್ತು. "ನಿದಾನಂಗಾ ಅಬ್ಬಾಯಿ, ನಿದಾನಂಗಾ," ಎಂದು ತೆಲುಗಿನಲ್ಲಿ ಗೊಣಗುತ್ತಿದ್ದರು. ಬೈಯುವುದಕ್ಕೆ ಸೈನ್ಯದ ಹಿಂದಿ, ಪಾಠಕ್ಕೆ ಕನ್ನಡ, ಸಮಾಧಾನಕ್ಕೆ ತೆಲುಗು.

ಪಾಠ ಮುಗಿದ ಮೇಲೂ ಅವರ ಕಣ್ಣು ಮೇಲೇ ಇರುತ್ತಿತ್ತು. ಟೀ ಕುಡಿಯುವಾಗ ಹದ್ದೊಂದು ಲೈಟುಕಂಬದ ಮೇಲೆ ಕೂತರೆ ಮೊಣಕೈಯಿಂದ ತಿವಿಯುವರು. "ನೋಡು, ಗಾಳಿಗೆ ಎದುರಾಗಿ ಬಂತು, ಕಾಲು ಮುಂದೆ ಚಾಚ್ತು, ಕೂತ್ಕೊಂತು. ಅದಕ್ಕೆ ಯಾರಪ್ಪಾ ಕೋರ್ಸ್ ಮಾಡ್ಸಿದ್ದು?"

ಮೂರನೇ ವಾರದ ಕೊನೆಗೆ ಅವರು ತಂತಿ ಬಿಚ್ಚಿದರು. ಎರಡು ದಿನ ನಾನೊಬ್ಬನೇ ಚೆನ್ನಾಗಿ ಇಳಿಸಿದೆ. ಮೂರನೇ ದಿನ ಕೆರೆ ಏರಿಯ ಕಡೆಯಿಂದ ಅಡ್ಡಗಾಳಿ ಎದ್ದಿತು. ವಿಮಾನ ಎದುರಿಗೆ ಬರುತ್ತಿತ್ತು. ರೆಕ್ಕೆ ಇಳಿಯಿತು. ನನ್ನ ಕಣ್ಣ ಮುಂದೆ ಆ ಹಳೆಯ ಮಣ್ಣು ಎದ್ದ ಹಾಗಾಯಿತು, ಬೆರಳುಗಳು ಕಲ್ಲಾದವು. ಅವರ ಒಂದೇ ಒಂದು ವಿಮಾನ ಏರಿಯ ಕಲ್ಲಿಗೆ ಬಡಿದು ರೆಕ್ಕೆ ಎರಡು ತುಂಡಾಯಿತು.

ಉಸ್ತಾದರು ತುಂಡುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡರು. ಅವರು ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆನೋ ಏನೋ. ಆ ಮಧ್ಯಾಹ್ನವೇ ಬಸ್ಸು ಹತ್ತಿದೆ. ಕೋಲಾರ, ಮಾಲೂರು, ಮಾಸ್ತಿ. ದಾರಿಯುದ್ದಕ್ಕೂ, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ, ಫಿರಂಗಿಯೇ ಸಾಕು ಎಂದು ಬರೆದುಕೊಡಲು ಪತ್ರದ ಒಕ್ಕಣೆ ಜೋಡಿಸುತ್ತಿದ್ದೆ.

ನಾಲ್ಕನೇ ದಿನ ಹಸುವಿಗೆ ಮೇವು ಹಾಕುತ್ತಿದ್ದೆ. ಅಂಗಳದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಉಸ್ತಾದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಹಳೆ ಪಂಚೆಯಲ್ಲಿ ಸುತ್ತಿದ ಉದ್ದನೆಯ ಗಂಟು. ಮೂರು ಬಸ್ಸು ಬದಲಾಯಿಸಿ, ದಾರಿ ಕೇಳುತ್ತ ಬಂದಿದ್ದರು. ನಮ್ಮಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಮನೆಯಲ್ಲಿ ನಾನು ಹೇಳದೇ ಇದ್ದದ್ದೆಲ್ಲ ಈಗ ಈ ಜಗಲಿಯ ಮೇಲೆ ಬಿಚ್ಚಿಕೊಳ್ಳುತ್ತದೆ ಅಂದುಕೊಂಡೆ.

ಅಮ್ಮ ಹೆಮ್ಮೆಯಿಂದ ಕೇಳಿಯೇಬಿಟ್ಟಳು. "ನಮ್ಮ ಹುಡುಗ ವಿಮಾನ ಚೆನ್ನಾಗಿ ಹಾರಿಸ್ತಾನಾ ಸ್ವಾಮಿ? ಇವನು ಬಾಯೇ ಬಿಡಲ್ಲ."

ಉಸ್ತಾದರು ಮೀಸೆ ಒರೆಸಿಕೊಂಡರು. "ಹಾರಿಸ್ತಾನಮ್ಮ. ಹಾರಿಸೋದು ಯಾರು ಬೇಕಾದ್ರೂ ಹಾರಿಸ್ತಾರೆ. ಇಳಿಸೋದು ಕಷ್ಟ. ಅದನ್ನ ಕಲೀತಾ ಇದಾನೆ. ಇನ್ನೊಂದು ಹದಿನೈದು ದಿನ ನನ್ನ ಜೊತೆ ಕಳಿಸಿಕೊಡಿ."

ಅಮ್ಮ ಒಳಗೆ ಹೋದ ಮೇಲೆ ಅವರು ಪಂಚೆ ಬಿಚ್ಚಿದರು. ಅದರಲ್ಲಿ ಹೊಸ ರೆಕ್ಕೆ ಇತ್ತು. ಹಗುರ ಮರದ ಅಸ್ಥಿಪಂಜರದ ಮೇಲೆ ನೇರಳೆ ಬಣ್ಣದ ರೇಷ್ಮೆ ಬಿಗಿಯಾಗಿ ಹೊದಿಸಿತ್ತು.

"ನಿನ್ನನ್ನ ಬೈಯಕ್ಕೆ ಬರ್ಲಿಲ್ಲ ಕಣೋ. ಅವತ್ತು ನಾನೇ ತಪ್ಪು ಮಾಡಿದ್ದು. ಗಾಳಿ ತಿರುಗಿದ್ದು ನನಗೆ ಕಾಣಿಸ್ತು. ಬಾಯಿ ಬಿಡ್ಲಿಲ್ಲ. ಇವನು ಏನು ಮಾಡ್ತಾನೋ ನೋಡೋಣ ಅಂತ ನಿಂತುಬಿಟ್ಟೆ. ಗುರಿ ವಿಮಾನ ಹಾರಿಸಿ ಹಾರಿಸಿ, ಬೀಳೋದನ್ನ ನೋಡ್ತಾ ನಿಲ್ಲೋದು ನನಗೆ ಅಭ್ಯಾಸ ಆಗಿಬಿಟ್ಟಿದೆ."

ಅಷ್ಟು ದೊಡ್ಡ ಮನುಷ್ಯ ನನ್ನಂಥವನ ಎದುರು ತಪ್ಪು ಒಪ್ಪಿಕೊಳ್ಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆ ಸಂಜೆ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು, "ಬಿದ್ದಿದ್ದು ನೀನಲ್ಲವಲ್ಲ, ಅಷ್ಟು ಸಾಕು. ಹೋಗು ಅವರ ಜೊತೆ," ಅಂದಳು.

ನಂಗಲಿಗೆ ವಾಪಸು ಹೋದಾಗ ಸುಬೇದಾರಮ್ಮ ನಡುಮನೆಯಲ್ಲಿ ಕೂತು ಇನ್ನೊಂದು ರೆಕ್ಕೆಗೆ ಅಂಟು ಬಳಿಯುತ್ತಿದ್ದರು. ರೇಷ್ಮೆ ಎಲ್ಲಿಯದೆಂದು ಕೇಳಿದೆ. ತಮ್ಮ ಹಳೆ ಸೀರೆ, ಜರಿ ಹೋಗಿ ಪೆಟ್ಟಿಗೆಯಲ್ಲಿ ಬಿದ್ದಿತ್ತು ಅಂದರು. "ಸೀರೆ ಹರಿದ್ರಾ ಅಮ್ಮಾ?" ಎಂದರೆ ಅವರಿಗೆ ನಗು. "ನಾಯ್ನಾ, ನಿಮ್ಮ ಉಸ್ತಾದರು ಜೀವಮಾನ ಎಲ್ಲ ಹಾರಿಸಿದ್ದು ಗುಂಡಿಗೇ ಹೋಯ್ತು. ಸಾಯಂಕಾಲ ಮನೆಗೆ ಬಂದು ಮಾತಿಲ್ಲದೆ ಊಟ ಮಾಡೋರು. ನಿಂದಾದ್ರೂ ವಾಪಸ್ ಬರ್ಲಿ. ಸೀರೆ ಏನು ಮಹಾ."

ಉಳಿದ ದಿನಗಳಲ್ಲಿ ನಾವು ಗಾಳಿ ಇದ್ದ ಹೊತ್ತನ್ನೇ ಹುಡುಕಿಕೊಂಡು ಹೋದೆವು. ಶಾಂತವಾದ ಬೆಳಗು ಬಿಟ್ಟು, ಹನ್ನೊಂದು ಗಂಟೆಯ ಸುಂಟರಗಾಳಿಯಲ್ಲಿ, ಸಂಜೆಯ ಅಡ್ಡಗಾಳಿಯಲ್ಲಿ. ಈಗ ಉಸ್ತಾದರು ಪಕ್ಕದಲ್ಲಿ ನಿಂತು ಬಾಯಿ ಬಿಡುತ್ತಿದ್ದರು. "ಗಾಳಿ ತಿರುಗ್ತಿದೆ ನೋಡು... ಹ್ಞಾ... ಕಂಕುಳು, ಕಂಕುಳು!" ಎರಡು ಸಲ ಚಕ್ರ ಮುರಿದೆ, ಒಂದು ಸಲ ಕುರಿಮಂದೆಯೊಳಗೆ ಇಳಿಸಿ ಕುರಿಯವನಿಂದ ಬೈಸಿಕೊಂಡೆ. ರಜೆಯ ಕೊನೆಯ ದಿನ, ಮಣ್ಣು ಕಣ್ಣಿಗೆ ರಾಚುವಂಥ ಗಾಳಿಯಲ್ಲಿ, ನೇರಳೆ ರೆಕ್ಕೆ ಓಲಾಡುತ್ತ ನನ್ನತ್ತ ಬಂತು. ನಾನು ಎಡ ಬಲ ಯೋಚಿಸಲಿಲ್ಲ. ಅದು ಬಂದು ನನ್ನ ಕಾಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತಿತು. ಉಸ್ತಾದರು ಹೊಗಳಲಿಲ್ಲ. ಪೆಟ್ಟಿಗೆಯನ್ನು ನನ್ನ ಕೊರಳಿನಿಂದ ತೆಗೆದು, "ಬಸ್ಸಿಗೆ ಹೊತ್ತಾಯ್ತು, ನಡಿ," ಅಂದರು.

ಕೋರ್ಸ್ ಪಾಸಾದ ದಿನ ಎಸ್‌ಟಿಡಿ ಬೂತಿನಿಂದ ಭಾವನ ಅಂಗಡಿಗೆ ಫೋನು ಮಾಡಿ ಅವರನ್ನು ಕರೆಸಿದೆ. "ಕೊನೆ ಲ್ಯಾಂಡಿಂಗಲ್ಲಿ ಯಾವ ರೆಕ್ಕೆ ಇಳಿದಿತ್ತು?" ಎಂದು ಕೇಳಿದರು. "ಬಲಗಡೇದು ಉಸ್ತಾದ್, ಸ್ವಲ್ಪ." ಲಾರಿಗಳ ಸದ್ದಿನ ನಡುವೆ, "ಹ್ಞೂಂ. ಈಗ ಪರವಾಗಿಲ್ಲ."

ಮುಂದಿನ ವರ್ಷಗಳಲ್ಲಿ ನಾನು ಮರಳುಗಾಡಿನಲ್ಲಿ, ಹಿಮದ ಗಡಿಯಲ್ಲಿ, ಸಮುದ್ರದ ಹತ್ತಿರ ವಿಮಾನ ಇಳಿಸಿದೆ. ಹೊರಗಿನಿಂದ ನೋಡುವವರಿಗೆ ಅದು ಸುಲಭದ ನೌಕರಿ. ಗಂಟೆಗಟ್ಟಲೆ ಕಾಯುವುದು, ಆಮೇಲೆ ಐದೇ ನಿಮಿಷದ ಕೆಲಸ. ಆ ಐದು ನಿಮಿಷದಲ್ಲಿ ಉಳಿದವರ ಹತ್ತು ಗಂಟೆಯ ದುಡಿಮೆ ನಮ್ಮ ಎರಡು ಹೆಬ್ಬೆರಳಿನ ಮೇಲೆ ಕೂತಿರುತ್ತದೆ. ಒಮ್ಮೆ ಗಡಿಯಿಂದ ಮರಳುವಾಗ ಇಂಜಿನ್ನು ಕೆಮ್ಮತೊಡಗಿ, ಧೂಳಿನ ಗಾಳಿಯಲ್ಲಿ ವಿಮಾನ ಪಕ್ಕಕ್ಕೆ ವಾಲಿಕೊಂಡು ಬಂತು. ಬಾಯೊಳಗೇ "ಕಂಕುಳು, ಕಂಕುಳು" ಅಂದುಕೊಂಡು ಇಳಿಸಿದೆ. ಪಕ್ಕದಲ್ಲಿದ್ದ ಪಂಜಾಬಿನ ಗೆಳೆಯ ಅದು ಯಾವ ದೇವರ ಮಂತ್ರ ಎಂದು ಕೇಳಿದ.

ಒಂದು ವರ್ಷ ನಮ್ಮ ಪಲ್ಟನ್ನಿನ ಹುಟ್ಟಿದ ದಿನಕ್ಕೆ ಮನೆಯವರನ್ನೂ ನಿವೃತ್ತ ಸೈನಿಕರನ್ನೂ ಕರೆದಿದ್ದರು. ಉಸ್ತಾದರನ್ನು ಕರೆಸಿಕೊಂಡೆ. ಎದೆಗೆ ಮೆಡಲು ಸಿಕ್ಕಿಸಿಕೊಂಡು ಬಂದರು. ನಾನು ವಿಮಾನ ಇಳಿಸಿದ್ದನ್ನು ಕತ್ತೆತ್ತಿ ನೋಡಿದರು. ಅದು ಶೆಡ್ಡಿಗೆ ಬಂದು ನಿಂತ ಮೇಲೆ ನಮ್ಮ ಸಾಹೇಬರ ಅನುಮತಿ ಕೇಳಿ ಹತ್ತಿರ ಹೋದರು. ಮೂತಿಯಿಂದ ಬಾಲದವರೆಗೆ ಅಂಗೈ ಸವರುತ್ತ ನಡೆದರು, ಬಗ್ಗಿ ಹೊಟ್ಟೆಯ ಕೆಳಗೂ ನೋಡಿದರು. ಏನು ಹುಡುಕುತ್ತಿದ್ದೀರಿ ಎಂದು ಸಾಹೇಬರು ಕೇಳಿದಾಗ ಹಿಂದಿಯಲ್ಲಿ ಹೇಳಿದರು, "ಒಂದೂ ತೂತಿಲ್ಲ ಸಾಬ್." ಸಾಹೇಬರಿಗೆ ಅರ್ಥವಾಗಲಿಲ್ಲ. ನಾನು ಅವರ ವೃತ್ತಿಯ ಕಥೆ ಹೇಳಿದೆ. ಸಾಹೇಬರು ನೆಟ್ಟಗೆ ನಿಂತು ಅವರಿಗೆ ಸೆಲ್ಯೂಟ್ ಹೊಡೆದರು. ಊರಿಗೆ ಹೋಗುವ ರೈಲಿನಲ್ಲಿ ಉಸ್ತಾದರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದವರು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಕೆಲವು ವರ್ಷಕ್ಕೆ ತಾವೇ ಇಳಿಯುವ ವಿಮಾನಗಳು ಬರತೊಡಗಿದವು. ನಮ್ಮ ಹೆಬ್ಬೆರಳಿನ ಕೆಲಸ ಕಡಿಮೆಯಾಗುತ್ತದೆ ಎಂದು ನಾನು ಫೋನಿನಲ್ಲಿ ಸಂಕಟಪಟ್ಟುಕೊಂಡರೆ ಅವರು, "ಒಳ್ಳೇದೇ ಆಯ್ತಲ್ಲೋ. ಯಾರ ಕೈಯಿಂದಾದ್ರೂ ಆಗ್ಲಿ, ಮನೆಗೆ ಬಂದ್ರೆ ಸರಿ. ಆದ್ರೆ ಯಂತ್ರ ಕೈ ಬಿಟ್ಟಾಗ ಹಿಡ್ಕೊಳ್ಳಕ್ಕೆ ಒಬ್ಬ ಇರ್ಬೇಕು. ನೀನಿರು," ಅಂದರು.

ಅವರು ಹೋದದ್ದು ಒಂದು ಚಳಿಗಾಲದಲ್ಲಿ, ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ. ಭಾವ ಫೋನು ಮಾಡಿದ. ಗಡಿಯಿಂದ ನಾನು ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದು ಆರನೇ ದಿನವಾಗಿತ್ತು. ಹನ್ನೊಂದನೇ ದಿನದವರೆಗೂ ಉಳಿದೆ. ಆ ದಿನ ಮನೆಯ ಮುಂದಿನ ಶಾಮಿಯಾನದಲ್ಲಿ ನನಗೆ ಗುರುತಿಲ್ಲದ ಮೂವರು ಕೂತಿದ್ದರು. ಕೂದಲು ಕತ್ತರಿಸಿದ ರೀತಿಯಲ್ಲೇ ಸೈನ್ಯದವರೆಂದು ತಿಳಿಯುತ್ತಿತ್ತು. ಒಬ್ಬ ಶ್ರೀನಿವಾಸಪುರದವನು, ಒಬ್ಬ ಮುಳಬಾಗಿಲಿನವನು, ಇನ್ನೊಬ್ಬ ಗಡಿಯಾಚೆಯ ಆಂಧ್ರದವನು. ಮೂವರೂ ನನ್ನ ಹಾಗೆಯೇ ಪೈಲಟ್ ಕೋರ್ಸಿಗೆ ಹೋದವರು, ಮೂವರೂ ಉಸ್ತಾದರ ಹತ್ತಿರ ಕಲಿತವರು. ಇಷ್ಟು ವರ್ಷ ನಾನೊಬ್ಬನೇ ಅವರ ಶಿಷ್ಯ ಎಂದುಕೊಂಡಿದ್ದೆ. ನೋಡಿದರೆ ಅವರೂ ಹಾಗೇ ಅಂದುಕೊಂಡಿದ್ದರು. ಎಲೆಗೆ ಬಡಿಸುತ್ತಿದ್ದ ಸುಬೇದಾರಮ್ಮ ಅಷ್ಟು ದುಃಖದಲ್ಲೂ ನಕ್ಕುಬಿಟ್ಟರು. "ಒಬ್ಬೊಬ್ಬನಿಗೂ ಹಂಗೇ ಅನ್ಸೋ ಹಾಗೆ ನಡ್ಕೊಳ್ಳೋರು. ಇನ್ನೂ ಇದಾರೆ, ರಜೆ ಸಿಕ್ಕಿಲ್ಲ, ಬರ್ತಾರೆ."

ಊಟವಾದ ಮೇಲೆ ಮೂವರಲ್ಲಿ ಕಿರಿಯವನಾದ ಶ್ರೀನಿವಾಸಪುರದ ಸೈನಿಕ ನನ್ನ ಹತ್ತಿರ ಬಂದು ನಿಂತ. ಅವನಿಗೆ ಮುಂದಿನ ತಿಂಗಳು ಎರಡನೇ ಸಲದ ಪರೀಕ್ಷೆ. ಉಸ್ತಾದರ ಹತ್ತಿರ ಮೂರು ವಾರ ಆಗಿತ್ತಂತೆ.

"ಎಲ್ಲಿವರೆಗೂ ಬಂದಿತ್ತು?" ಎಂದು ಕೇಳಿದೆ.

"ಅಡ್ಡಗಾಳಿ ಒಂದು ಬಾಕಿ ಇತ್ತು ಸರ್. ಸೋಮವಾರದಿಂದ ಶುರು ಮಾಡೋಣ ಅಂದಿದ್ರು."

ನನಗಿನ್ನೂ ಎರಡು ವಾರ ರಜೆಯಿತ್ತು. ಮನೆಗೆ ಬೇಗ ಬರುತ್ತೇನೆಂದು ಹೆಂಡತಿಗೆ ಹೇಳಿದ್ದೆ. ಭಾವನ ಅಂಗಡಿಯಿಂದ ಅವಳಿಗೆ ಫೋನು ಮಾಡಿ ವಿಷಯ ತಿಳಿಸಿದೆ. "ಅದಕ್ಕೇನು, ಮುಗಿಸ್ಕೊಂಡೇ ಬನ್ನಿ," ಅಂದಳು. ಸೋಮವಾರ ಹನ್ನೊಂದು ಗಂಟೆಗೆ, ಗಾಳಿ ಏಳುವ ಹೊತ್ತಿಗೆ ಸರಿಯಾಗಿ, ಅವನೂ ನಾನೂ ಕೆರೆ ಅಂಗಳಕ್ಕೆ ಇಳಿದೆವು. ಹನ್ನೆರಡು ದಿನ ಇಳಿದೆವು. ಅವನು ಪಾಸಾದ.